ನಮಾಝ್ ಕಲಿತ ಮೊದಲ ತಲೆಮಾರು

ಮಸೀದಿಯ ಕೊನೆಯ ಸಾಲಿನಲ್ಲಿ ಕೆಲವೊಮ್ಮೆ ಒಬ್ಬ ವ್ಯಕ್ತಿಯನ್ನು ಕಾಣುತ್ತೇವೆ. ಇತರರು ಕೈ ಎತ್ತಿದ ಮೇಲೆ ಆತ ಕೈ ಎತ್ತುತ್ತಾನೆ, ಇತರರು ಬಾಗಿದ ಮೇಲೆ ಬಾಗುತ್ತಾನೆ. ಆತನ ದೃಷ್ಟಿ ಸುಜೂದ್ ಮಾಡುವ ಸ್ಥಳದ ಮೇಲಿರುವುದಿಲ್ಲ, ಪಕ್ಕದವನ ಮೊಣಕಾಲಿನ ಮೇಲಿರುತ್ತದೆ. ತುಟಿಗಳು ಅಲುಗಾಡುತ್ತವೆ, ಆದರೆ ಅವು ಏನನ್ನು ಉಚ್ಚರಿಸುತ್ತಿವೆಯೆಂದು ಆತನಿಗೂ ಖಚಿತವಿಲ್ಲ. ಸಲಾಮ್ ಹೇಳಿದೊಡನೆ ಯಾರಾದರೂ ಮಾತನಾಡಿಸಿಯಾರೆಂಬ ಅಂಜಿಕೆಯಿಂದ ಆತ ಎಲ್ಲರಿಗಿಂತ ಮೊದಲು ಹೊರಗೆ ಹೋಗಿಬಿಡುತ್ತಾನೆ. ಆತ ಹೊಸದಾಗಿ ಇಸ್ಲಾಮನ್ನು ಸ್ವೀಕರಿಸಿದವನಾಗಿರಬಹುದು, ಅಥವಾ ಮುಸ್ಲಿಮ್ ಮನೆಯಲ್ಲೇ ಹುಟ್ಟಿ, ಬಾಲ್ಯದಲ್ಲಿ ಕಲಿಯುವ ಅವಕಾಶ ತಪ್ಪಿ, ನಲವತ್ತರ ವಯಸ್ಸಿನಲ್ಲಿ ಹಿಂದಿರುಗಿದವನಾಗಿರಬಹುದು. ಇಬ್ಬರನ್ನೂ ಕಾಡುವ ಪ್ರಶ್ನೆ ಒಂದೇ: ಎಲ್ಲರಿಗೂ ಬರುವುದು ನನಗೊಬ್ಬನಿಗೆ ಬರುವುದಿಲ್ಲವಲ್ಲ!

ಈ ನಾಚಿಕೆಗೆ ಇತಿಹಾಸದಲ್ಲಿ ಉತ್ತರವಿದೆ. ಪ್ರವಾದಿ ಮುಹಮ್ಮದ್(ಸ)ರ ಹಿಂದೆ ಮೊದಲ ಸಾಲಿನಲ್ಲಿ ನಿಂತವರಲ್ಲಿ ಹುಟ್ಟಿನಿಂದಲೇ ನಮಾಝ್ ಬಲ್ಲವರು ಇರಲಿಲ್ಲ. ಅವರಲ್ಲಿ ವ್ಯಾಪಾರಿಗಳಿದ್ದರು, ಗುಲಾಮರಾಗಿದ್ದವರಿದ್ದರು, ಒಂಟೆ ಕಾಯುವವರಿದ್ದರು, ನಡುವಯಸ್ಸು ದಾಟಿದವರಿದ್ದರು. ಅವರೆಲ್ಲರೂ ನಮಾಝನ್ನು ಮೊದಲ ಅಕ್ಷರದಿಂದ ಕಲಿತರು. ಕಲಿಯುವಾಗ ತಪ್ಪಿದರು, ತಪ್ಪಿದಾಗ ತಿದ್ದಿಸಿಕೊಂಡರು. ಆ ತಪ್ಪುಗಳನ್ನು ಅವರು ಮುಚ್ಚಿಡಲೂ ಇಲ್ಲ. ಮುಂದಿನವರಿಗೆ ಪಾಠವಾಗಲೆಂದು ತಾವೇ ಹೇಳಿ ಹೋದರು. ಹದೀಸ್ ಗ್ರಂಥಗಳ ನಮಾಝಿನ ಅಧ್ಯಾಯಗಳನ್ನು ಈ ದೃಷ್ಟಿಯಿಂದ ಓದಿದರೆ, ಅಲ್ಲಿ ನಿಯಮಗಳ ಜೊತೆಗೆ ಒಂದು ಇಡೀ ಸಮುದಾಯದ ಕಲಿಕೆಯ ಚರಿತ್ರೆಯೂ ಕಾಣಿಸುತ್ತದೆ.

ಹಂತ ಹಂತವಾಗಿ ಬಂದ ಆರಾಧನೆ

ಕ್ರಿ.ಶ. 610ರಲ್ಲಿ ಹಿರಾ ಗುಹೆಯಲ್ಲಿ ಮೊದಲ ದಿವ್ಯವಾಣಿ ಅವತೀರ್ಣವಾಯಿತು. ಆದರೆ ದಿನಕ್ಕೆ ಐದು ಹೊತ್ತಿನ ನಮಾಝ್ ಕಡ್ಡಾಯವಾದದ್ದು ಅದಾಗಿ ಸುಮಾರು ಒಂದು ದಶಕದ ಬಳಿಕ, ಮಕ್ಕಾ ಜೀವನದ ಕೊನೆಯ ವರ್ಷಗಳಲ್ಲಿ, ಮಿಅ್‌ರಾಜ್‌ನ ರಾತ್ರಿಯಲ್ಲಿ. ಅದಕ್ಕೆ ಮೊದಲು ಆರಾಧನೆ ಇರಲಿಲ್ಲವೆಂದಲ್ಲ. ಸೂರಃ ಅಲ್ ಮುಝ್ಝಮ್ಮಿಲ್‌ನ ಆರಂಭದ ಸೂಕ್ತಗಳು ರಾತ್ರಿಯ ನಮಾಝನ್ನು ಆದೇಶಿಸಿದ್ದವು. ಹಝ್ರತ್ ಆಯಿಶಾ(ರ) ವಿವರಿಸುವಂತೆ, ಒಂದು ವರ್ಷ ಕಾಲ ವಿಶ್ವಾಸಿಗಳು ರಾತ್ರಿಯಲ್ಲಿ ಕಾಲು ಊದಿಕೊಳ್ಳುವಷ್ಟು ಹೊತ್ತು ನಿಂತರು. ಬಳಿಕ ಅದೇ ಅಧ್ಯಾಯದ ಕೊನೆಯ ಸೂಕ್ತ ಅವತೀರ್ಣವಾಗಿ ಆ ಹೊರೆ ಹಗುರವಾಯಿತು. ರೋಗಿಗಳಿದ್ದಾರೆ, ಜೀವನೋಪಾಯಕ್ಕಾಗಿ ಪ್ರಯಾಣ ಮಾಡುವವರಿದ್ದಾರೆ ಎಂಬ ಕಾರಣವನ್ನೂ ಆ ಸೂಕ್ತ ತಿಳಿಸುತ್ತದೆ.

ಐದು ಹೊತ್ತಿನ ನಮಾಝ್ ವಿಧಿಸಲ್ಪಟ್ಟ ಮೇಲೆ ಅದನ್ನು ಯಾವ ಯಾವ ವೇಳೆಯಲ್ಲಿ ನಿರ್ವಹಿಸಬೇಕೆಂಬುದನ್ನು ಕಲಿಸಿದ ರೀತಿಯೂ ಗಮನಾರ್ಹ. ಜಿಬ್ರೀಲ್(ಅ) ಕಅಬಾದ ಬಳಿ ಎರಡು ದಿನ ಪ್ರವಾದಿವರ್ಯರಿಗೆ(ಸ) ಇಮಾಮರಾಗಿ ನಿಂತರು. ಮೊದಲ ದಿನ ನಮಾಝ್‌ಗಳನ್ನು ಅವುಗಳ ಸಮಯದ ಆರಂಭದಲ್ಲೂ ಎರಡನೆಯ ದಿನ ಕೊನೆಯ ಭಾಗದಲ್ಲೂ ನಿರ್ವಹಿಸಿ ತೋರಿಸಿದರು. ಮಗ್ರಿಬ್ ಮಾತ್ರ ಎರಡೂ ದಿನ ಸೂರ್ಯಾಸ್ತದ ಬೆನ್ನಿಗೇ ನಡೆಯಿತು. ಈ ಎರಡು ಮೇರೆಗಳ ನಡುವಿನದ್ದೇ ನಮಾಝಿನ ಸಮಯವೆಂದು ತಿಳಿಸಿಕೊಟ್ಟರು. ಅಂದರೆ ಸ್ವತಃ ಪ್ರವಾದಿವರ್ಯರು(ಸ) ನಮಾಝಿನ ಸಮಯವನ್ನು ಕಲಿತದ್ದು ಇನ್ನೊಬ್ಬರ ಹಿಂದೆ ನಿಂತು, ನೋಡಿ, ಜೊತೆಯಲ್ಲಿ ಮಾಡಿ. ನಮಾಝ್ ಕಲಿಸುವ ಈ ಕ್ರಮವೇ ಮುಂದಿನ ಎಲ್ಲ ತಲೆಮಾರುಗಳಿಗೂ ಮಾದರಿಯಾಯಿತು.

ಇಂದು ದಿನವೊಂದಕ್ಕೆ ಕಡ್ಡಾಯವಾಗಿರುವ ರಕಅತ್‌ಗಳ ಸಂಖ್ಯೆ 17. ಈ ಸಂಖ್ಯೆಯೂ ಒಮ್ಮೆಲೇ ಬಂದದ್ದಲ್ಲ. ಆರಂಭದಲ್ಲಿ ನಮಾಝನ್ನು ಎರಡೆರಡು ರಕಅತ್‌ಗಳಾಗಿ ವಿಧಿಸಲಾಗಿತ್ತು, ಹಿಜ್ರಾದ ಬಳಿಕ ಅದು ನಾಲ್ಕಕ್ಕೆ ಏರಿತು, ಪ್ರಯಾಣಿಕರ ನಮಾಝ್ ಮಾತ್ರ ಮೊದಲಿನಂತೆಯೇ ಉಳಿಯಿತು ಎಂದು ಹ. ಆಯಿಶಾ(ರ) ಹೇಳಿದ್ದಾರೆ. ಇಂದು ಪ್ರಯಾಣದಲ್ಲಿ ಝುಹರ್‌ನ ಎರಡು ರಕಅತ್ ನಿರ್ವಹಿಸುವವನು ಒಂದು ರೀತಿಯಲ್ಲಿ ಮಕ್ಕಾದ ಆ ಆರಂಭಿಕರ ಜೊತೆ ನಿಂತಿರುತ್ತಾನೆ.

ಮದೀನಾದ ಪಾಠಶಾಲೆ

ಕ್ರಿ.ಶ. 621ರಲ್ಲಿ ಅಕಬಾದ ಮೊದಲ ಪ್ರತಿಜ್ಞೆ ನಡೆದಾಗ ಯಸ್ರಿಬ್‌ನಿಂದ ಬಂದವರು ಹನ್ನೆರಡು ಮಂದಿ. ಅವರ ಜೊತೆ ಪ್ರವಾದಿವರ್ಯರು(ಸ) ಹ. ಮುಸ್‌ಅಬ್ ಬಿನ್ ಉಮೈರ್(ರ)ರನ್ನು ಕಳುಹಿಸಿಕೊಟ್ಟರು. ಅಸ್‌ಅದ್ ಬಿನ್ ಝುರಾರಾ(ರ)ರ ಮನೆಯಲ್ಲಿ ಉಳಿದುಕೊಂಡು ಮುಸ್‌ಅಬ್(ರ) ಅಲ್ಲಿನವರಿಗೆ ಕುರ್‌ಆನ್ ಕಲಿಸಿದರು, ನಮಾಝಿಗೆ ನೇತೃತ್ವ ನೀಡಿದರು. ಮದೀನಾದ ಎಷ್ಟೋ ಮಂದಿ ಪ್ರವಾದಿವರ್ಯರನ್ನು(ಸ) ಕಾಣುವ ಮೊದಲೇ ನಮಾಝ್ ಕಲಿತದ್ದು ಹೀಗೆ. ಮಕ್ಕಾದ ಶ್ರೀಮಂತ ಮನೆಯ ಸುಖವನ್ನು ಬಿಟ್ಟು ಬಂದಿದ್ದ ಒಬ್ಬ ಯುವಕನೇ ಅವರ ಗುರು.

ಮರುವರ್ಷ ಹಿಜ್ರಾ ನಡೆದು ಮಸೀದಿ ನಿರ್ಮಾಣವಾದ ಮೇಲೂ ಕಲಿಯುವುದು ಬಹಳಷ್ಟಿತ್ತು. ಜನರನ್ನು ನಮಾಝಿಗೆ ಕರೆಯುವುದು ಹೇಗೆಂಬುದೇ ತಿಳಿದಿರಲಿಲ್ಲ. ಹೊತ್ತನ್ನು ಅಂದಾಜು ಮಾಡಿ ಒಟ್ಟುಗೂಡುತ್ತಿದ್ದರು. ಗಂಟೆ ಬಾರಿಸೋಣವೇ, ಕೊಂಬು ಊದೋಣವೇ ಎಂಬ ಸಮಾಲೋಚನೆ ನಡೆಯಿತು. ಕೊನೆಗೆ ಹ. ಅಬ್ದುಲ್ಲಾ ಬಿನ್ ಝೈದ್(ರ)ರಿಗೆ ಬಿದ್ದ ಕನಸು ಅಝಾನ್‌ಗೆ ದಾರಿಯಾಯಿತು. ಕನಸಿನಲ್ಲಿ ಕೇಳಿದ ವಚನಗಳನ್ನು ಬಿಲಾಲ್(ರ)ರಿಗೆ ಹೇಳಿಕೊಡುವಂತೆಯೂ, ಅವರ ಕಂಠ ಹೆಚ್ಚು ದೂರ ಕೇಳುವುದರಿಂದ ಅವರೇ ಕರೆ ನೀಡಬೇಕೆಂದೂ ಪ್ರವಾದಿವರ್ಯರು(ಸ) ಸೂಚಿಸಿದರು.

ನಮಾಝಿನ ನಡುವೆ ಮಾತನಾಡಬಾರದೆಂಬುದು ಇಂದು ಚಿಕ್ಕ ಮಗುವಿಗೂ ಗೊತ್ತು. ಆರಂಭದಲ್ಲಿ ಹಾಗಿರಲಿಲ್ಲ. ನಮಾಝಿನಲ್ಲಿ ನಿಂತೇ ಪಕ್ಕದವನೊಡನೆ ಅಗತ್ಯದ ಮಾತು ಆಡುತ್ತಿದ್ದೆವೆಂದು ಹ. ಝೈದ್ ಬಿನ್ ಅರ್ಕಮ್(ರ) ಸ್ಮರಿಸಿದ್ದಾರೆ. ಸೂರಃ ಅಲ್ ಬಕರಾದ 238ನೆಯ ಸೂಕ್ತ ಅವತೀರ್ಣವಾದ ಬಳಿಕ ಮೌನ ಕಡ್ಡಾಯವಾಯಿತು.

ಕಿಬ್ಲಾದ ಬದಲಾವಣೆಯಂತೂ ಈ ಚರಿತ್ರೆಯ ಅತ್ಯಂತ ಸುಂದರ ಪ್ರಸಂಗಗಳಲ್ಲೊಂದು. ಮದೀನಾಕ್ಕೆ ಬಂದ ಮೇಲೆ 16 ಅಥವಾ 17 ತಿಂಗಳ ಕಾಲ ಮುಸ್ಲಿಮರು ಬೈತುಲ್ ಮುಕದ್ದಸ್‌ನ ಕಡೆಗೆ ಮುಖ ಮಾಡಿ ನಮಾಝ್ ನಿರ್ವಹಿಸುತ್ತಿದ್ದರು. ಹಿಜರಿ 2ನೆಯ ವರ್ಷದಲ್ಲಿ ಕಅಬಾದ ಕಡೆಗೆ ತಿರುಗುವ ಆದೇಶ ಬಂತು. ಕುಬಾದ ಜನರು ಫಜ್ರ್ ನಮಾಝಿನಲ್ಲಿದ್ದಾಗ ಒಬ್ಬರು ಬಂದು ಈ ಸುದ್ದಿ ತಿಳಿಸಿದರು. ಉತ್ತರಕ್ಕೆ ಮುಖ ಮಾಡಿ ನಿಂತಿದ್ದ ಇಡೀ ಸಾಲು ನಮಾಝಿನೊಳಗೇ ದಕ್ಷಿಣಕ್ಕೆ ತಿರುಗಿತು. ಅದುವರೆಗೆ ಕಲಿತದ್ದನ್ನು ಬಿಟ್ಟು ಹೊಸದನ್ನು ಸ್ವೀಕರಿಸಲು ಅವರು ನಮಾಝ್ ಮುಗಿಯುವವರೆಗೂ ಕಾಯಲಿಲ್ಲ.

ತೋರಿಸಿ ಕಲಿಸಿದ ಗುರು

ಪ್ರವಾದಿವರ್ಯರ(ಸ) ಮಸೀದಿಗೆ ಮರದ ಮಿಂಬರ್ ಸಿದ್ಧವಾಗಿ ಬಂದಾಗ ನಡೆದ ಒಂದು ಘಟನೆಯನ್ನು ಹ. ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ್ದಾರೆ. ಪ್ರವಾದಿವರ್ಯರು(ಸ) ಆ ಮಿಂಬರ್‌ನ ಮೇಲೆ ನಿಂತು ತಕ್ಬೀರ್ ಹೇಳಿದರು, ಅಲ್ಲೇ ರುಕೂ ಮಾಡಿದರು. ಬಳಿಕ ಮುಖ ತಿರುಗಿಸದೆ ಹಿಂದೆ ಹಿಂದೆಯೇ ಕೆಳಗಿಳಿದು ಅದರ ಬುಡದಲ್ಲಿ ಸುಜೂದ್ ಮಾಡಿದರು, ಮತ್ತೆ ಮೇಲೇರಿದರು. ನಮಾಝ್ ಮುಗಿದ ಮೇಲೆ ಜನರತ್ತ ತಿರುಗಿ, ನೀವು ನನ್ನನ್ನು ಅನುಸರಿಸಿ ನನ್ನ ನಮಾಝನ್ನು ಕಲಿಯಲೆಂದೇ ಹೀಗೆ ಮಾಡಿದೆನೆಂಬ ಅರ್ಥದಲ್ಲಿ ತಿಳಿಸಿದರು. ಹಿಂದಿನ ಸಾಲಿನವನಿಗೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಆ ಕೊನೆಯ ಸಾಲಿನವನಿಗೂ ಕಾಣಿಸಬೇಕೆಂಬ ಕಾಳಜಿಯಿಂದ ಅಲ್ಲಾಹನ ದೂತರು ಮೆಟ್ಟಿಲು ಹತ್ತಿ ಇಳಿದರು.

ಪದಗಳನ್ನು ಕಲಿಸುವುದರಲ್ಲೂ ಇದೇ ಕಾಳಜಿ ಇತ್ತು. ಅತ್ತಹಿಯ್ಯಾತ್ ಅನ್ನು ಕಲಿಸುವಾಗ ಪ್ರವಾದಿವರ್ಯರು(ಸ) ತನ್ನ ಅಂಗೈಯನ್ನು ತಮ್ಮ ಎರಡು ಅಂಗೈಗಳ ನಡುವೆ ಹಿಡಿದುಕೊಂಡಿದ್ದರು, ಕುರ್‌ಆನಿನ ಅಧ್ಯಾಯವನ್ನು ಕಲಿಸುವಂತೆಯೇ ಅದನ್ನು ಕಲಿಸಿದರು ಎಂದು ಹ. ಅಬ್ದುಲ್ಲಾ ಬಿನ್ ಮಸ್‌ಊದ್(ರ) ಹೇಳಿದ್ದಾರೆ. ಕಲಿತ ಪದಗಳಷ್ಟೇ ಆ ಕೈಗಳ ಸ್ಪರ್ಶವೂ ಅವರ ನೆನಪಿನಲ್ಲಿ ಉಳಿಯಿತು.

ಕುರ್‌ಆನಿನ ಯಾವ ಭಾಗವನ್ನೂ ಕಲಿಯಲು ಸಾಧ್ಯವಾಗದ ಒಬ್ಬರು ಬಂದು, ಅದರ ಬದಲಿಗೆ ತನಗೆ ಸಾಕಾಗುವಂತಹದ್ದನ್ನು ಕಲಿಸಿಕೊಡಬೇಕೆಂದು ಕೇಳಿಕೊಂಡರು. ಸುಬ್‌ಹಾನಲ್ಲಾಹ್, ಅಲ್‌ಹಮ್ದುಲಿಲ್ಲಾಹ್, ಲಾ ಇಲಾಹ ಇಲ್ಲಲ್ಲಾಹ್, ಅಲ್ಲಾಹು ಅಕ್ಬರ್ ಮೊದಲಾದ ಸ್ಮರಣೆಯ ವಚನಗಳನ್ನು ಪ್ರವಾದಿವರ್ಯರು(ಸ) ಅವರಿಗೆ ಕಲಿಸಿದರು. ಇವು ಅಲ್ಲಾಹನಿಗಾಗಿ, ನನಗಾಗಿ ಏನಿದೆ ಎಂದು ಅವರು ಮುಗ್ಧತೆಯಿಂದ ಕೇಳಿದಾಗ, ಕರುಣೆ, ಜೀವನಾಧಾರ, ಕ್ಷೇಮ ಮತ್ತು ಸನ್ಮಾರ್ಗವನ್ನು ಬೇಡುವ ಪುಟ್ಟ ಪ್ರಾರ್ಥನೆಯೊಂದನ್ನೂ ಕಲಿಸಿದರು. ಅವರು ಎದ್ದು ಹೋಗುವಾಗ, ಈತ ತನ್ನ ಕೈಯನ್ನು ಒಳಿತಿನಿಂದ ತುಂಬಿಕೊಂಡನೆಂದು ಪ್ರವಾದಿವರ್ಯರು(ಸ) ನುಡಿದರೆಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಏನೂ ಬಾರದವನೆಂದು ತನ್ನನ್ನು ತಾನೇ ತಿಳಿದುಕೊಂಡಿದ್ದ ವ್ಯಕ್ತಿ ಅಲ್ಲಿಂದ ಬರಿಗೈಯಲ್ಲಿ ಹೋಗಲಿಲ್ಲ.

ತಪ್ಪುಗಳು ಮತ್ತು ತಿದ್ದುವಿಕೆ

ಹ. ಮುಆವಿಯಾ ಬಿನ್ ಹಕಮ್ ಅಸ್ಸುಲಮಿ(ರ) ಹೊಸದಾಗಿ ಇಸ್ಲಾಮಿಗೆ ಬಂದಿದ್ದರು. ಜಮಾಅತ್ ನಮಾಝಿನಲ್ಲಿ ಒಬ್ಬರು ಸೀನಿದಾಗ ಅವರು ಎಂದಿನಂತೆ ಯರ್‌ಹಮುಕಲ್ಲಾಹ್ ಎಂದರು. ಸುತ್ತಲಿನವರು ದಿಟ್ಟಿಸಿ ನೋಡಿದರು. ನನ್ನನ್ನೇಕೆ ಹೀಗೆ ನೋಡುತ್ತೀರಿ ಎಂದು ಅವರು ಕೇಳಿಯೇಬಿಟ್ಟರು. ಜನರು ತೊಡೆ ತಟ್ಟಿ ಸುಮ್ಮನಿರಿಸಿದರು. ನಮಾಝ್ ಮುಗಿದ ಮೇಲೆ ನಡೆದದ್ದನ್ನು ಅವರು ಜೀವನದುದ್ದಕ್ಕೂ ಮರೆಯಲಿಲ್ಲ. ಪ್ರವಾದಿವರ್ಯರು(ಸ) ಗದರಲಿಲ್ಲ, ಹೊಡೆಯಲಿಲ್ಲ, ನಿಂದಿಸಲಿಲ್ಲ. ನಮಾಝಿನಲ್ಲಿ ಲೌಕಿಕ ಮಾತು ಸಲ್ಲದು, ಅದು ತಸ್ಬೀಹ್, ತಕ್ಬೀರ್ ಮತ್ತು ಕುರ್‌ಆನ್ ಪಾರಾಯಣಕ್ಕಾಗಿ ಇರುವಂತಹದ್ದು ಎಂದು ತಿಳಿಸಿದರು, ಅಷ್ಟೇ. ಅಂತಹ ಉತ್ತಮ ಗುರುವನ್ನು ಅದಕ್ಕೆ ಮೊದಲೂ ಬಳಿಕವೂ ಕಂಡಿಲ್ಲವೆಂಬುದು ಆ ಶಿಷ್ಯರ ಸಾಕ್ಷ್ಯ.

ಹ. ಅಮ್ಮಾರ್ ಬಿನ್ ಯಾಸಿರ್(ರ) ಮಕ್ಕಾದ ಕಷ್ಟಕಾಲದಲ್ಲೇ ಇಸ್ಲಾಮ್ ಸ್ವೀಕರಿಸಿದ್ದ ಹಿರಿಯ ಸಹಾಬಿ. ಪ್ರಯಾಣವೊಂದರಲ್ಲಿ ಅವರಿಗೆ ಸ್ನಾನ ಕಡ್ಡಾಯವಾಯಿತು, ನೀರು ಸಿಗಲಿಲ್ಲ. ಸ್ನಾನದಲ್ಲಿ ಮೈಯೆಲ್ಲ ನೆನೆಯುವಂತೆ ತಯಮ್ಮುಮ್‌ನಲ್ಲೂ ಮೈಯೆಲ್ಲ ಮಣ್ಣಾಗಬೇಕೆಂದು ಊಹಿಸಿ ಅವರು ನೆಲದಲ್ಲಿ ಹೊರಳಾಡಿದರು. ವಿಷಯ ತಿಳಿದಾಗ ಪ್ರವಾದಿವರ್ಯರು(ಸ) ಅಂಗೈಗಳನ್ನು ನೆಲಕ್ಕೆ ತಟ್ಟಿ, ಊದಿ, ಮುಖ ಮತ್ತು ಕೈಗಳನ್ನು ಸವರಿ ಇಷ್ಟೇ ಸಾಕಿತ್ತೆಂದು ತೋರಿಸಿಕೊಟ್ಟರು. ಈ ಘಟನೆಯನ್ನು ಮುಂದೆ ಹ. ಉಮರ್(ರ)ರ ಮುಂದೆ ಸ್ವತಃ ಅಮ್ಮಾರ್(ರ) ನೆನಪಿಸಿದ್ದಾರೆ. ತನ್ನ ತಪ್ಪನ್ನು ಹೇಳಿಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ.

ಆದರೆ ಈ ಮೃದುತ್ವವನ್ನು ಉದಾಸೀನವೆಂದು ತಿಳಿಯಬಾರದು. ಮಸೀದಿಗೆ ಬಂದು ಅವಸರದಿಂದ ನಮಾಝ್ ಮುಗಿಸಿದ ಒಬ್ಬರನ್ನು ಪ್ರವಾದಿವರ್ಯರು(ಸ) ಹಿಂದಕ್ಕೆ ಕಳುಹಿಸಿದರು, ನೀನು ನಮಾಝ್ ಮಾಡಿಲ್ಲ, ಮತ್ತೆ ಮಾಡೆಂದರು. ಹೀಗೆ ಮೂರು ಬಾರಿ ಆಯಿತು. ಕೊನೆಗೆ ಅವರು, ಇದಕ್ಕಿಂತ ಚೆನ್ನಾಗಿ ನನಗೆ ಬರುವುದಿಲ್ಲ, ಕಲಿಸಿಕೊಡಿ ಎಂದು ವಿನಂತಿಸಿದರು. ಆಗ ನಿಲ್ಲುವುದು, ಪಠಿಸುವುದು, ನೆಮ್ಮದಿಯಿಂದ ಬಾಗುವುದು, ನೆಟ್ಟಗೆ ನಿಲ್ಲುವುದು, ನೆಮ್ಮದಿಯಿಂದ ಸುಜೂದ್ ಮಾಡುವುದು ಎಂದು ಒಂದೊಂದಾಗಿ ಹೇಳಿಕೊಟ್ಟರು. ಈ ಒಂದು ಹದೀಸ್‌ನಿಂದ ವಿದ್ವಾಂಸರು ನಮಾಝಿನ ಎಷ್ಟೋ ನಿಯಮಗಳನ್ನು ನಿರೂಪಿಸಿದ್ದಾರೆ. ಕಲಿಸಿಕೊಡಿ ಎಂದು ಆ ವ್ಯಕ್ತಿ ಬಾಯಿಬಿಟ್ಟು ಕೇಳಿದ್ದರಿಂದ ಇಡೀ ಸಮುದಾಯಕ್ಕೆ ಆ ಪಾಠ ದಕ್ಕಿತು.

ಗದರಿಕೆ ಕಂಡುಬರುವ ಪ್ರಸಂಗವೂ ಒಂದಿದೆ. ಆದರೆ ಅದು ಕಲಿಯುವವನ ಮೇಲಲ್ಲ, ನೇತೃತ್ವ ವಹಿಸಿದವರ ಮೇಲೆ. ಹ. ಮುಆದ್ ಬಿನ್ ಜಬಲ್(ರ) ತಮ್ಮ ಜನರಿಗೆ ಇಶಾ ನಮಾಝಿನಲ್ಲಿ ಸೂರಃ ಅಲ್ ಬಕರಾ ಓದತೊಡಗಿದರು. ದಿನವಿಡೀ ನೀರು ಹೊರುವ ಒಂಟೆಗಳೊಂದಿಗೆ ದುಡಿದು ದಣಿದಿದ್ದ ಒಬ್ಬರು ಸಾಲಿನಿಂದ ಬೇರ್ಪಟ್ಟು ಒಬ್ಬರೇ ನಮಾಝ್ ಮುಗಿಸಿ ಹೊರಟುಹೋದರು. ಅವರನ್ನು ಕಪಟಿಯೆಂದು ಮುಆದ್(ರ) ಟೀಕಿಸಿದರು. ದೂರು ಬಂದಾಗ, ಜನರನ್ನು ಪರೀಕ್ಷೆಗೆ ಒಡ್ಡುತ್ತೀಯಾ ಎಂದು ಪ್ರವಾದಿವರ್ಯರು(ಸ) ಮೂರು ಬಾರಿ ಮುಆದ್(ರ)ರನ್ನೇ ಕೇಳಿದರು. ಹಿಂದೆ ವೃದ್ಧರು, ದುರ್ಬಲರು, ಕೆಲಸವಿರುವವರು ನಿಂತಿರುತ್ತಾರೆಂದು ನೆನಪಿಸಿ, ಚಿಕ್ಕ ಅಧ್ಯಾಯಗಳನ್ನು ಓದಲು ಆದೇಶಿಸಿದರು.

ಕಲಿತವರು ಕಲಿಸುವವರಾದರು

ಹ. ಮಾಲಿಕ್ ಬಿನ್ ಹುವೈರಿಸ್(ರ) ತಮ್ಮ ವಯಸ್ಸಿನ ಕೆಲವು ಯುವಕರೊಂದಿಗೆ ಬಂದು ಮದೀನಾದಲ್ಲಿ ಇಪ್ಪತ್ತು ರಾತ್ರಿ ಉಳಿದರು. ಅವರಿಗೆ ಮನೆಯ ನೆನಪಾಗುತ್ತಿದೆಯೆಂದು ಪ್ರವಾದಿವರ್ಯರಿಗೆ(ಸ) ಅನಿಸಿತು. ಮನೆಗೆ ಮರಳಿರಿ, ನಿಮ್ಮವರಿಗೆ ಕಲಿಸಿರಿ, ನಾನು ಹೇಗೆ ನಮಾಝ್ ಮಾಡುವುದನ್ನು ಕಂಡಿರೋ ಹಾಗೆಯೇ ಮಾಡಿರಿ ಎಂಬ ಉಪದೇಶದೊಂದಿಗೆ ಅವರನ್ನು ಬೀಳ್ಕೊಟ್ಟರು. ಇಪ್ಪತ್ತು ದಿನಗಳ ವಿದ್ಯಾರ್ಥಿಗಳು ತಮ್ಮ ಊರಿನ ಗುರುಗಳಾದರು. ಎಷ್ಟೋ ವರ್ಷಗಳ ಬಳಿಕ ಇದೇ ಮಾಲಿಕ್(ರ), ಯಾವ ನಮಾಝಿನ ಹೊತ್ತೂ ಅಲ್ಲದ ಸಮಯದಲ್ಲಿ, ಕೇವಲ ತೋರಿಸಿಕೊಡುವ ಸಲುವಾಗಿ ಜನರ ಮುಂದೆ ನಮಾಝ್ ನಿರ್ವಹಿಸಿದ್ದು ಬುಖಾರಿಯಲ್ಲಿ ದಾಖಲಾಗಿದೆ.

ಹ. ಅಮ್ರ್ ಬಿನ್ ಸಲಿಮಾ(ರ)ರ ಕತೆ ಇನ್ನೂ ಹೃದ್ಯ. ಅವರ ಕುಲದವರು ದಾರಿ ಬದಿಯ ನೀರಿನ ತಾಣವೊಂದರ ಬಳಿ ವಾಸವಾಗಿದ್ದರು. ಬಾಲಕ ಅಮ್ರ್ ಅಲ್ಲಿ ಹಾದುಹೋಗುವ ಪ್ರಯಾಣಿಕರಿಂದ ಕುರ್‌ಆನಿನ ಸೂಕ್ತಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ. ಮಕ್ಕಾ ವಿಜಯದ ಬಳಿಕ ಕುಲ ಇಸ್ಲಾಮಿಗೆ ಬಂದಾಗ, ಹೆಚ್ಚು ಕುರ್‌ಆನ್ ಬಲ್ಲವನು ಇಮಾಮನಾಗಬೇಕೆಂಬ ಆದೇಶದಂತೆ ಹುಡುಕಿದರೆ, ಆತನಿಗಿಂತ ಹೆಚ್ಚು ಬಲ್ಲವರು ಯಾರೂ ಇರಲಿಲ್ಲ. ಆರೇಳು ವರ್ಷದ ಬಾಲಕ ಹಿರಿಯರ ಮುಂದೆ ನಿಂತ. ಅವನ ಹೊದಿಕೆ ಎಷ್ಟು ಚಿಕ್ಕದಾಗಿತ್ತೆಂದರೆ ಸುಜೂದ್‌ಗೆ ಹೋದಾಗ ಮೈ ಮುಚ್ಚುತ್ತಿರಲಿಲ್ಲ. ಮಹಿಳೆಯೊಬ್ಬರು ಅದನ್ನು ಎತ್ತಿ ಹೇಳಿದಾಗ ಜನರು ಬಟ್ಟೆ ಕೊಂಡು ಅಂಗಿ ಹೊಲಿಸಿಕೊಟ್ಟರು. ಆ ಅಂಗಿಯಷ್ಟು ಬೇರೆ ಯಾವುದೂ ತನಗೆ ಸಂತೋಷ ಕೊಡಲಿಲ್ಲವೆಂದು ಅವರು ಹೇಳಿಕೊಂಡಿದ್ದಾರೆ. ಮಗುವಿನಿಂದ ಕಲಿಯಲು ಆ ಹಿರಿಯರಿಗೆ ಅವಮಾನವಾಗಲಿಲ್ಲ.

ಅರಬಿ ಬಾರದವರ ಪಾಡು

ಇಸ್ಲಾಮ್ ಅರೇಬಿಯದ ಗಡಿ ದಾಟಿದಾಗ ಹೊಸ ಪ್ರಶ್ನೆ ಹುಟ್ಟಿತು. ಮಾತೃಭಾಷೆ ಅರಬಿಯಲ್ಲದವನು ಏನು ಮಾಡಬೇಕು? ಕೂಫಾದ ಇಮಾಮ್ ಅಬೂ ಹನೀಫಾ(ರಹ್) ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರಲ್ಲೊಬ್ಬರು. ಪಾರ್ಸಿಯಲ್ಲಿ ಪಠಿಸಿದರೂ ನಮಾಝ್ ಸಿಂಧುವಾಗುತ್ತದೆಂಬ ಅಭಿಪ್ರಾಯ ಅವರದ್ದಾಗಿತ್ತು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಶೈಬಾನಿ(ರಹ್), ಅರಬಿಯಲ್ಲಿ ಉಚ್ಚರಿಸಲು ಸಾಧ್ಯವೇ ಇಲ್ಲದವನಿಗೆ ಮಾತ್ರ ಈ ರಿಯಾಯಿತಿಯೆಂದರು. ಬಳಿಕ ಗುರುಗಳೂ ಶಿಷ್ಯರ ಅಭಿಪ್ರಾಯಕ್ಕೆ ಮರಳಿದರೆಂದು ಹನಫೀ ವಿದ್ವಾಂಸರು ದಾಖಲಿಸಿದ್ದಾರೆ. ನಮಾಝಿನ ಭಾಷೆ ಅರಬಿಯಾಗಿಯೇ ಉಳಿಯಿತು. ಆದರೆ ಅರಬಿ ಬಾರದ ಹೊಸಬನ ಕಷ್ಟವನ್ನು ಆ ಮಹಾನ್ ವಿದ್ವಾಂಸರು ತಮ್ಮ ಚರ್ಚೆಯ ಹೊರಗೆ ಇಡಲಿಲ್ಲ.

ನಮಾಝಿನ ಹೊರಗೆ, ಧರ್ಮಶಿಕ್ಷಣವು ಆಯಾ ನಾಡಿನ ಭಾಷೆಯನ್ನೇ ಹಿಡಿಯಿತು. ನಮ್ಮ ಬಿಜಾಪುರದಲ್ಲಿ ಹದಿನೇಳನೆಯ ಶತಮಾನದ ಸೂಫಿಗಳ ಪರಂಪರೆಯಿಂದ ದಖನಿ ಭಾಷೆಯಲ್ಲಿ ಚಕ್ಕಿನಾಮಾ ಎಂಬ ಹಾಡುಗಳು ಹುಟ್ಟಿದವು. ಹೆಂಗಸರು ಬೀಸುವ ಕಲ್ಲಿನ ಮುಂದೆ ಕುಳಿತು ಹಿಟ್ಟು ಬೀಸುತ್ತಾ ಹಾಡುತ್ತಿದ್ದ ಈ ಹಾಡುಗಳಲ್ಲಿ ಅಲ್ಲಾಹನ ಮತ್ತು ಪ್ರವಾದಿವರ್ಯರ(ಸ) ಸ್ಮರಣೆ ಬೆರೆತಿತ್ತು. ಮದ್ರಸದ ಮೆಟ್ಟಿಲು ಹತ್ತಲಾಗದ ತಾಯಂದಿರ ಬಳಿಗೆ ಪಾಠವೇ ನಡೆದುಕೊಂಡು ಹೋದ ಬಗೆಯಿದು.

ಇಂದು ಕನ್ನಡಿಗ ಆರಂಭಿಕನ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಅರಬಿ ವಚನಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ ಪುಟ್ಟ ಪುಸ್ತಕ. ಅದು ದೊಡ್ಡ ಆಸರೆ, ಸಂದೇಹವಿಲ್ಲ. ಆದರೆ ಅದರ ಮಿತಿಯನ್ನೂ ಅರಿತಿರಬೇಕು. ಅಲಿಫ್ ಮತ್ತು ಐನ್ ಎರಡಕ್ಕೂ ನಾವು ‘ಅ’ ಬರೆಯುತ್ತೇವೆ, ಅರಬಿಯ ಎರಡು ಬೇರೆ ಬೇರೆ ‘ಹ’ಗಳಿಗೆ ನಮ್ಮಲ್ಲಿರುವುದು ಒಂದೇ ಅಕ್ಷರ, ಸೀನ್ ಮತ್ತು ಸ್ವಾದ್ ಎರಡೂ ‘ಸ’ ಆಗುತ್ತವೆ. ಆದ್ದರಿಂದ ಪುಸ್ತಕವನ್ನು ಕಣ್ಣು ನೋಡಲಿ, ಉಚ್ಚಾರಣೆಯನ್ನು ಕಿವಿ ಬಲ್ಲವರೊಬ್ಬರಿಂದ ಕೇಳಲಿ. ಜಿಬ್ರೀಲ್(ಅ)ರಿಂದ ಆರಂಭವಾದ ಕ್ರಮವೂ ಇದುವೇ.

ಚರಿತ್ರೆ ಹೇಳುವ ಮಾತು

ಈ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ಕಲಿಯುವವನಿಗೆ. ಎಲ್ಲವೂ ಬಂದ ಮೇಲೆ ನಮಾಝ್ ಆರಂಭಿಸುತ್ತೇನೆಂದು ಕಾಯಬೇಡಿ. ಇಂದೇ ಸಾಲಿನಲ್ಲಿ ನಿಲ್ಲಿ, ಇಮಾಮರನ್ನು ಅನುಸರಿಸಿ. ಫಾತಿಹಾದ ಏಳು ಸೂಕ್ತಗಳನ್ನು ದಿನಕ್ಕೊಂದರಂತೆ ಕಲಿತರೂ ಒಂದು ವಾರ ಸಾಕು. ಅತ್ತಹಿಯ್ಯಾತ್‌ಗೆ ಇನ್ನೊಂದಿಷ್ಟು ದಿನ. ಅಲ್ಲಿಯವರೆಗೆ ಏನು ಪಠಿಸಬೇಕೆಂಬುದನ್ನು ನಿಮ್ಮ ಊರಿನ ಆಲಿಮರಲ್ಲಿ ಸಂಕೋಚವಿಲ್ಲದೆ ಕೇಳಿ. ತೊದಲುತ್ತಾ, ಕಷ್ಟಪಟ್ಟು ಕುರ್‌ಆನ್ ಓದುವವನಿಗೆ ಇಮ್ಮಡಿ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ಶುಭವಾರ್ತೆ ನೀಡಿದ್ದಾರೆ.

ಎರಡನೆಯದು ಮೊದಲ ಸಾಲಿನಲ್ಲಿ ನಿಲ್ಲುವ ನಮಗೆ. ಮುಆವಿಯಾ ಬಿನ್ ಹಕಮ್(ರ)ರನ್ನು ಅಂದು ಪ್ರವಾದಿವರ್ಯರು(ಸ) ಎಲ್ಲರೆದುರು ಗದರಿದ್ದರೆ ಆ ಹೊಸ ವಿಶ್ವಾಸಿ ಮರುದಿನ ಮಸೀದಿಗೆ ಬರುತ್ತಿದ್ದರೇ? ಕೊನೆಯ ಸಾಲಿನ ಆ ವ್ಯಕ್ತಿಯ ಕೈ ಕಟ್ಟಿದ ರೀತಿಯನ್ನೋ, ತಲೆಯ ಮೇಲೆ ಟೋಪಿ ಇಲ್ಲದ್ದನ್ನೋ ಎತ್ತಿ ಆಡುವ ನಮ್ಮ ಒಂದು ಮಾತು ಆತನನ್ನು ವರ್ಷಗಟ್ಟಲೆ ದೂರ ಮಾಡಬಲ್ಲದು. ಸಲಾಮ್ ಹೇಳಿ ಆತ ಬಾಗಿಲ ಕಡೆಗೆ ಧಾವಿಸುವ ಮೊದಲು ಎದ್ದು ಹೋಗಿ ಕೈ ಹಿಡಿದು ಮಾತನಾಡಿಸುವವರು ನಮ್ಮಲ್ಲಿ ಯಾರಿದ್ದಾರೆ? ಇಬ್ನು ಮಸ್‌ಊದ್(ರ)ರ ಅಂಗೈಯನ್ನು ಎರಡು ಕೈಗಳ ನಡುವೆ ಹಿಡಿದು ಕಲಿಸಿದ ಪ್ರವಾದಿಯ ಅನುಯಾಯಿಗಳು ನಾವು.

ಕಲಿಯುವವರಿಗೆ ಧೈರ್ಯವನ್ನೂ ಕಲಿಸುವವರಿಗೆ ಸಹನೆಯನ್ನೂ ಕರುಣಾಮಯನಾದ ಅಲ್ಲಾಹನು ಅನುಗ್ರಹಿಸಲಿ. ನಮ್ಮ ಅಪೂರ್ಣ ನಮಾಝ್‌ಗಳನ್ನು ಅವನು ಸ್ವೀಕರಿಸಲಿ. ಆಮೀನ್.